ಲೀಡರನ ಹಾಜರಿ

“ಡೆಮೊ ದಿನ ಎಲ್ರ ಮುಂದೇನೇ ಹೇಳ್ತೀನಿ, ಪ್ರಾಜೆಕ್ಟಲ್ಲಿ ನೀನು ಒಂದು ಸಾಲೂ ಬರ್ದಿಲ್ಲ ಅಂತ,” ಎಂದು ದಪ್ಪ ಕನ್ನಡಕದ ಸೋಡಾಬುಡ್ಡಿ, ಕ್ಯಾಂಟೀನಿನಲ್ಲಿ ತುಂಬಿದ ಸಭೆಯೆದುರು ಅಂದುಬಿಟ್ಟಳು. ಲೀಡರನಿಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರೇ ಇದ್ದ ಪ್ರಾಜೆಕ್ಟ್ ತಂಡಕ್ಕೆ ಮೊದಲ ದಿನವೇ ತನ್ನನ್ನು ತಾನೇ ಲೀಡರನೆಂದು ಘೋಷಿಸಿಕೊಂಡವನು ಅವನು. ಆಮೇಲೆ ಎಂಟು ತಿಂಗಳು ಅವನು ಮುಂದಾಳತ್ವ ವಹಿಸಿದ. ಉಳಿದದ್ದನ್ನೆಲ್ಲ ಅವಳು ಮಾಡಿದಳು.

ಕ್ಯಾಮೆರಾದಲ್ಲಿ ಮುಖ ನೋಡಿ ಹಾಜರಿ ಹಾಕುವ ಸಾಫ್ಟ್‌ವೇರ್ ಅದು. ಎರಡು ಸಲ ಡುಮ್ಕಿ ಹೊಡೆದ ಲೀಡರನಿಗೆ ಇದೇ ಕೊನೆಯ ಅವಕಾಶ. ತಪ್ಪಿದರೆ ಡಿಗ್ರಿ ಗೋತಾ. ದರ್ಜಿ ಅಪ್ಪ ಮಗನ ಪದವಿಗೆಂದು ಕೋಟು ಹೊಲಿದು ಮೊಳೆಗೆ ನೇತುಹಾಕಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಮಗನ ಹೊಟ್ಟೆ ಬೆಳೆದು ಒಂದು ಸಲ ಬಿಚ್ಚಿಯೂ ಹೊಲಿದಿದ್ದ, ಪಾಪ.

ಅವಳು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ? ಮಾಡಿದ್ದೆಲ್ಲ ನಾನು, ಅವಳು ಇತ್ತ ತಲೆ ಹಾಕಿಯೂ ಮಲಗಿಲ್ಲ ಅಂತ! ಈ ಯೋಚನೆ ಹೊಳೆದದ್ದೇ ತಡ, ಲೀಡರ್ ಜೀವನದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಕೂತ. ಲ್ಯಾಬಿನ ಕಂಪ್ಯೂಟರಿನಿಂದ ಇಡೀ ಪ್ರಾಜೆಕ್ಟನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಇನ್ನೂರ ಹದಿಮೂರು ಫೈಲುಗಳಲ್ಲೂ ಅವಳ ಹೆಸರು ಅಳಿಸಿ ತನ್ನದನ್ನು ಕೂರಿಸಿದ. ಪರೀಕ್ಷಕರು ಕೇಳಬಹುದಾದ ನಲವತ್ತು ಪ್ರಶ್ನೆಗಳಿಗೆ ಉತ್ತರ ಉರುಹೊಡೆದ. ಎಂಟು ಸಹಪಾಠಿಗಳನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ತಾನು ಹಿಂದೆ ಕೂತು ಗುಂಡಿ ಒತ್ತಿದ. ಎಂಟೂ ಜನ ಹಾಜರ್. ಇಷ್ಟು ಸುಲಭದ ಕೆಲಸಕ್ಕೆ ಅವಳಿಗೆ ಎಂಟು ತಿಂಗಳು ಬೇಕಾಯಿತಲ್ಲ ಎಂದು ಅವನಿಗೆ ನಗು ಬಂತು.

ಡೆಮೊದ ಹಿಂದಿನ ಸಂಜೆ ಅವಳಿಗೆ ಫೋನ್ ಮಾಡಿದ. “ಡೆಮೊ ಮೂರು ಗಂಟೆಗೆ ಹೋಗಿದೆ ಕಣೇ. ಆರಾಮಾಗಿ ಬಾ.”

“ಸದ್ಯ, ಒಂದು ಕೆಲಸಾನಾದ್ರೂ ಮಾಡ್ದೆ,” ಅಂದಳು ಅವಳು.

ಬೆಳಿಗ್ಗೆ ಹನ್ನೊಂದಕ್ಕೆ ಹೊರಗಿನ ಕಾಲೇಜಿನ ಪರೀಕ್ಷಕಿ ಬಂದರು. ಲೀಡರ್ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟ. ಸಹಪಾಠಿಗಳು ಒಬ್ಬೊಬ್ಬರೇ ನಿಂತರು, ಹಾಜರ್, ಹಾಜರ್.

“ನಿನ್ನ ಪಾರ್ಟ್ನರ್ ಎಲ್ಲಪ್ಪಾ?”

“ಬಂದಿಲ್ಲ ಮೇಡಂ. ಮೊದಲಿಂದಲೂ ಹೀಗೇ. ಹೋಗ್ಲಿ ಅಂತ ಎಲ್ಲಾ ನಾನೇ ಮಾಡ್ಕೊಂಡೆ.”

“ಅಯ್ಯೋ ಪಾಪ,” ಅಂದರು ಪರೀಕ್ಷಕಿ, ನಿಜವಾಗಿಯೂ ಮರುಗಿ. ಅವರ ಪೆನ್ನು ಅಂಕದ ಹಾಳೆಯ ಮೇಲೆ ಬಂತು. ಲೀಡರನಿಗೆ ಅಪ್ಪನ ಮುಖ ನೆನಪಾಯಿತು.

“ಎಲ್ರನ್ನೂ ನಿಲ್ಲಿಸ್ದೆ, ನೀನೂ ಒಂದ್ಸಲ ನಿಂತ್ಕೋ,” ಎಂದು ಅವರು ಅಕ್ಕರೆಯಿಂದಲೇ ಅಂದರು. ಲೀಡರ್ ಕಾಲರ್ ಸರಿಮಾಡಿಕೊಂಡು ಕ್ಯಾಮೆರಾದೆದುರು ಹಲ್ಲು ಬಿಟ್ಟು ನಿಂತ. ಪರದೆ ಕೆಂಪಾಯಿತು. “ಅಪರಿಚಿತ ವ್ಯಕ್ತಿ,” ಎಂದಿತು ಯಂತ್ರ. ಇನ್ನೊಂದು ಸಲ ನಿಂತ. ಮತ್ತೆ ಅದೇ ಮಾತು. ಇಡೀ ತರಗತಿಯ ಮುಖಗಳನ್ನು ಸೋಡಾಬುಡ್ಡಿ ಲ್ಯಾಬಿನಲ್ಲಿ ಕೂತು ಒಂದೊಂದಾಗಿ ಸೇರಿಸಿದ್ದಳು. ಆ ಎಂಟು ತಿಂಗಳಲ್ಲಿ ಲ್ಯಾಬಿಗೆ ಕಾಲೇ ಇಡದಿದ್ದವನು ತರಗತಿಗೆಲ್ಲ ಲೀಡರ್ ಒಬ್ಬನೇ. ಪರೀಕ್ಷಕಿ ಪೆನ್ನಿನ ಮುಚ್ಚಳ ಹಾಕಿದರು. “ಇಂಥದ್ದನ್ನ ಕಟ್ಟೋರು ಮೊಟ್ಟಮೊದಲು ತಮ್ಮ ಮುಖಾನೇ ಹಾಕಿ ನೋಡ್ತಾರಪ್ಪಾ, ಬೇರೆ ಯಾರೂ ಸಿಗಲ್ಲ ಅಂತ,” ಎಂದು ತಾವೇ ಮೌಸ್ ಹಿಡಿದು ದಾಖಲೆ ಸಂಖ್ಯೆ ಒಂದನ್ನು ತೆರೆದರು. ಕೆದರಿದ ಕೂದಲಿನ, ದಪ್ಪ ಕನ್ನಡಕದ ಹುಡುಗಿಯೊಬ್ಬಳು ಆಕಳಿಸುತ್ತಿದ್ದಳು. “ಈ ಹುಡುಗಿಗೆ ಫೋನ್ ಮಾಡು. ಅವಳು ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ.”