ಮೂಲೆ ತಪ್ಪಿದ ಚಪ್ಪಡಿ

ಒಂದಾನೊಂದು ಕಾಲ ಎನ್ನುತ್ತಾರಲ್ಲ, ಅದಕ್ಕೂ ಹಿಂದೆ ಹೊಗೆಮಲೆ ಎಂಬ ರಾಜ್ಯವಿತ್ತು. ಅಲ್ಲಿನ ಹಿರಿಯರು ಕಾರ್ಗಣ್ಣನೆಂಬ ಮಾಂತ್ರಿಕನನ್ನು ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲಗುಳಿಯಲ್ಲಿ, ಸೆರೆ ಹಾಕಿದ್ದರು. ಹಗೇವಿನ ಬಾಯಿ ನಾಲ್ಕು ಮೊಳದ ಚೌಕ. ದೇವರಬಂಡೆಯ ಕಲ್ಲೊಂದೇ ಅವನನ್ನು ತಡೆಯಬಲ್ಲದು. ಬಾಯಿ ಮುಚ್ಚಿದ್ದ ಹಳೆಯ ಚಪ್ಪಡಿ ಪುಡಿಯಾಗತೊಡಗಿದಾಗ, ಹೊಸದನ್ನು ಕಡಿಯಲು ಬಂಡೆಯಲ್ಲಿ ಉಳಿದಿದ್ದ ಕೊನೆಯ ಕಲ್ಲನ್ನು ಕಲ್ಲುಕುಟಿಗ ಬೊಮ್ಮಣ್ಣನಿಗೆ ಕೊಟ್ಟರು.

ಬೊಮ್ಮಣ್ಣ ಉದ್ದ ಅಳೆದ, ನಾಲ್ಕು ಮೊಳ. ಎದುರಂಚಿಗೆ ನೆಟ್ಟಗೆ ಅಗಲ ಅಳೆದ, ನಾಲ್ಕು ಮೊಳ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಹಗ್ಗ ಎಳೆದು, ಸಮ ಬಂತೇ ಎಂದು ನೋಡುವುದು ಕುಟಿಗರ ಪದ್ಧತಿ. ಅದೊಂದನ್ನು ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ. ಕಲ್ಲು ಓರೆಯಾಗಿತ್ತು. ಮುಚ್ಚಿದಾಗ ಬಲಕ್ಕೆ ಒಂದು ಮೂಲೆ ಹೊರಗೆ ಚಾಚಿತು, ಎಡಕ್ಕೆ ಮೂರು ಮೂಲೆಯ ಕಂಡಿ ಉಳಿಯಿತು.

ಆ ಕಂಡಿಯಿಂದ ಕತ್ತಲೆ ಹೊರಬಂತು. ಊರಿನ ದೀಪಗಳು ಆರಿದವು. ತೊಟ್ಟಿಲ ಕೂಸುಗಳು ಅಳುವುದನ್ನೂ ಮರೆತವು. ಬೊಮ್ಮಣ್ಣನ ಪಾದಗಳು ಕಲ್ಲಾದವು.

"ಸಾಂತವ್ವಾ, ನಿನಗೆ ಮೂರು ಅವಕಾಶ," ಎಂದು ಕಾರ್ಗಣ್ಣ ಬೊಮ್ಮಣ್ಣನ ತಂಗಿಗೆ ಒಳಗಿನಿಂದ ನಗುತ್ತ ಕೂಗಿ ಹೇಳಿದ. "ಕಂಡಿ ಮುಚ್ಚದಿದ್ದರೆ ನಿನ್ನಣ್ಣ ಪೂರಾ ಕಲ್ಲು, ರಾಜ್ಯ ನನ್ನದು."

ಸಾಂತವ್ವ ಮಣ್ಣು ತುಂಬಿದಳು. ಕತ್ತಲೆ ಮಣ್ಣನ್ನು ನುಂಗಿತು. ಕಲ್ಲು ಅಣ್ಣನ ಮೊಣಕಾಲಿಗೆ ಏರಿತು. ಅರಮನೆಯ ಕಬ್ಬಿಣದ ಹಲಗೆ ಹೊದಿಸಿದಳು. ಕತ್ತಲೆ ಅದನ್ನೂ ನುಂಗಿತು. ಕಲ್ಲು ಸೊಂಟಕ್ಕೆ ಏರಿತು.

"ಸಾಕು ತಂಗೀ, ಮನೆಗೆ ಹೋಗು. ತಪ್ಪು ನನ್ನದು."

"ತಪ್ಪು ನಿನ್ನದೇ. ಆದರೆ ನನಗಿರುವವನು ನೀನೊಬ್ಬನೇ ಅಣ್ಣ," ಎಂದು ಅವಳು ಅತ್ತಳು.

ಅಳುತ್ತಲೇ ಹಗ್ಗ ಹಿಡಿದಳು. ಕಂಡಿಯ ಮೂರು ಅಂಚುಗಳನ್ನು ತಡವಿ, ಅಳೆದು ಗಂಟು ಹಾಕಿದಳು. ಅದೇ ಹಗ್ಗವನ್ನು ಬಲಕ್ಕೆ ಹೊರಗೆ ಚಾಚಿದ ತುಂಡಿನ ಮೇಲಿಟ್ಟಳು. ಮೂರೂ ಗಂಟು ಮೂರೂ ಮೂಲೆಗೆ ಸರಿಯಾಗಿ ಕೂತವು.

"ಅಣ್ಣಾ, ಅಲ್ಲಿ ಎಷ್ಟು ಕಮ್ಮಿಯೋ ಇಲ್ಲಿ ಅಷ್ಟೇ ಹೆಚ್ಚು!"

ಅಣ್ಣನ ಉಳಿ ತಗೊಂಡು ಆ ತುಂಡನ್ನು ಕಡಿದಳು, ಎಡಕ್ಕೆ ಒಯ್ದು ಕೂರಿಸಿದಳು. ಕೂದಲೂ ತೂರದಂತೆ ಕೂತಿತು. ಮೂಲೆಯಿಂದ ಮೂಲೆಗೆ ಹಗ್ಗ ಎಳೆದಳು, ಎರಡೂ ಕಡೆ ಸಮ. ಕಾರ್ಗಣ್ಣನ ನಗು ಅರ್ಧಕ್ಕೇ ನಿಂತಿತು.

ದೀಪಗಳು ಹೊತ್ತಿದವು. ಕೂಸುಗಳು ಅತ್ತವು, ತಾಯಂದಿರು ನಕ್ಕರು. ಕಲ್ಲು ಬೊಮ್ಮಣ್ಣನ ಸೊಂಟ ಬಿಟ್ಟಿತು, ಮೊಣಕಾಲು ಬಿಟ್ಟಿತು. ಎಡಗಾಲಿನ ಪಾದ ಮಾತ್ರ ಬಿಡಲಿಲ್ಲ.

ಆಮೇಲೆ ಎಲ್ಲರೂ ಸುಖವಾಗಿದ್ದರು, ಅದು ಸುಳ್ಳಲ್ಲ. ಆದರೆ ಬೊಮ್ಮಣ್ಣ ಬೀದಿಯಲ್ಲಿ ಹೆಜ್ಜೆ ಇಟ್ಟಾಗೆಲ್ಲ ಕಲ್ಲಿನ ಸದ್ದು ಕೇಳುತ್ತಿತ್ತು. ಅದು ಕಿವಿಗೆ ಬಿದ್ದರೆ ಕುಟಿಗರು ಉಳಿ ಕೆಳಗಿಟ್ಟು, ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ಹಗ್ಗ ಎಳೆಯುತ್ತಿದ್ದರು.