ಕಳೆಯಬೇಕಾದಲ್ಲಿ ಕೂಡಿಸಿದಳು

"ತಪ್ಪಿರೋದು ಡಿಟೆಕ್ಟರ್‌ನಲ್ಲಿ. ಅದು ಒಂದು ಕಡೆ ವಾಲಿದೆ!"

ತುಂಬಿದ ಸಭೆಯಲ್ಲಿ ಅವಳು ಹಾಗಂದಾಗ ಎದುರಿಗಿದ್ದವನ ಮುಖ ಬಿಳಿಚಿಕೊಂಡಿತು. ಒಡೆದ ಕಣಗಳ ಚೂರುಗಳನ್ನು ಗುರುತಿಸುವ ಆ ಡಿಟೆಕ್ಟರ್ ಜೋಡಿಸಿದ ಎಂಜಿನಿಯರ್ ಅವನೇ.

"ನಿಮ್ಮ ಲೆಕ್ಕ ಮತ್ತೊಮ್ಮೆ ನೋಡಿದ್ರಾ?" ಎಂದ ಮೆಲ್ಲಗೆ.

"ನೋಡಿದೀನಿ!"

ಕಣಗಳನ್ನು ಡಿಕ್ಕಿ ಹೊಡೆಸುವ ಆ ಪ್ರಯೋಗಾಲಯದಲ್ಲಿ, ಕೂಡಿದರೆ ಒಂದನ್ನೊಂದು ಅಳಿಸಿಹಾಕುವ ಕಣ ಮತ್ತು ಪ್ರತಿಕಣ ಒಂದೇ ರೀತಿ ಒಡೆಯುತ್ತವೆಯೇ ಎಂದು ಅಳೆಯುವುದು ಅವಳ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕರೂ, ಈ ಜಗತ್ತು ಅಳಿಯದೆ ಯಾಕೆ ಉಳಿಯಿತು ಎಂಬುದಕ್ಕೊಂದು ಸುಳಿವು. ಅವಳಿಗೆ ಸಿಕ್ಕಿದ್ದು ಮಾತ್ರ ಹಗ್ಗದಷ್ಟು! ಎಲ್ಲೋ ಎಡವಟ್ಟಾಗಿತ್ತು.

ಹಿಂದಿನ ವಾರವಷ್ಟೇ ಕ್ಯಾಂಟೀನಿನಲ್ಲಿ ಅವನು, "ನೀವಂದ್ರೆ ನಂಗಿಷ್ಟ" ಎಂದಿದ್ದ. ಅವಳಿಗೂ ಇಷ್ಟವೇ. ಅದಕ್ಕೇ ಭಯ... 'ಅವನ ಪರ ವಹಿಸಿದಳು ಅಂತ ಜನ ಆಡಿಕೊಂಡರೆ?'

ಅವನನ್ನು ತಂಡದಿಂದ ತೆಗೆದು ಕೇಬಲ್ ರಿಪೇರಿಗೆ ಹಾಕಿದರು.

ಹೊಸ ಎಂಜಿನಿಯರ್ ಬಂದು ಎಲ್ಲ ಅಳೆದು ನೋಡಿದ. "ಮೇಡಂ, ಇದು ವಾಲೇ ಇಲ್ವಲ್ಲ!"

ಅವಳು ತನ್ನ ಲೆಕ್ಕದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು. ಎಡ-ಬಲದ ಸಣ್ಣ ಓರೆಕೋರೆ ರದ್ದಾಗಲೆಂದೇ ಡಿಟೆಕ್ಟರಿನ ದೊಡ್ಡ ಅಯಸ್ಕಾಂತದ ದಿಕ್ಕನ್ನು ಆಗಾಗ ತಿರುಗಿಸುತ್ತಿದ್ದರು. ತಿರುಗಿಸಿದ ಮೇಲಿನ ಲೆಕ್ಕದಲ್ಲಿ ಕಳೆಯಬೇಕಾದ್ದನ್ನು ಅವಳು ಕೂಡಿಸಿದ್ದಳು!

'ಅಯ್ಯೋ... ಏನು ಮಾಡಿಬಿಟ್ಟೆ!'

ಮುಂದಿನ ಸಭೆಯಲ್ಲಿ ಎದ್ದು ನಿಂತಳು. "ತಪ್ಪು ನಂದು. ಡಿಟೆಕ್ಟರ್ ಸರಿಯಾಗಿದೆ. ಲೆಕ್ಕ ಮತ್ತೆ ನೋಡಿ ಅಂತ ಅವರು ಅಂದಿದ್ದೇ ಸರಿ."

"ಅವನ ಮೇಲೆ ತಪ್ಪು ಹೊರಿಸೋ ಮುಂಚೆ ಯೋಚಿಸ್ಬೇಕಿತ್ತಲ್ಲಮ್ಮ?" ಎಂದರು ತಂಡದ ಹಿರಿಯರು.

ಅವತ್ತು ಸಂಜೆ ಕೇಬಲ್ ಕೋಣೆಗೆ ಹೋದಳು. ಅವನು ತಂತಿಗೆ ಬೆಸುಗೆ ಹಾಕುತ್ತಿದ್ದ.

"ಸಭೇಲಿ ಒಪ್ಕೊಂಡ್ರಂತೆ," ಎಂದ, ತಲೆಯೆತ್ತದೆ.

"ಅರ್ಧ ಒಪ್ಕೊಂಡೆ... ಅವತ್ತು ನೀವು ಕೇಳಿದಾಗ ನಾನು ಮತ್ತೆ ನೋಡೇ ಇರ್ಲಿಲ್ಲ. ಸುಳ್ಳು ಹೇಳ್ದೆ."

ಅವನ ಕೈ ನಿಂತಿತು. "ಯಾಕೆ?"

"ನಿಮ್ಮನ್ನ ಪ್ರೀತಿಸ್ತೀನಿ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅಂತ ಹೆದರಿದೆ. ನನ್ನ ಹೆಸರು ಉಳಿಸ್ಕೊಳ್ಳೋಕೆ ನಿಮ್ಮ ಹೆಸರು ಕೆಡಿಸ್ದೆ..."

ಅವನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ.

"ತುಂಬಾ ನೋವಾಗಿದೆ," ಎಂದ ಕೊನೆಗೆ. "ಇವತ್ತೇ ಹೋಗಲ್ಲ ಅದು."

"ಕಾಯ್ತೀನಿ."

ಅವನು ಪಕ್ಕದ ಸ್ಟೂಲನ್ನು ಹತ್ತಿರಕ್ಕೆಳೆದು ಧೂಳು ಒರೆಸಿದ.

"ನಿಂತ್ಕೊಂಡೇ ಕಾಯ್ತೀಯಾ? ಬಾ, ಕೂತ್ಕೋ..."