ಎಡಗಿವಿಗೆ ಕೇಳಿಸಿದ ಗಿಟಾರು

"ಬಿಡ್ರೀ ಅದನ್ನ! ಮೊದಲು ಕೈ ಇಟ್ಟಿದ್ದು ನಾನು!"

ಮಾಗಡಿ ರೋಡಿನ ಉಗ್ರಪ್ಪನ ಹಳೇ ಪೇಪರ್ ಅಂಗಡಿ. ರದ್ದಿ ರಾಶಿಯ ಮೇಲೆ ಮರದ ಸಿಗಾರ್ ಡಬ್ಬ ಒಂದಿತ್ತು. ಅದರ ಒಂದು ತುದಿ ಲಕ್ಷ್ಮಿದೇವಿಯ ಕೈಯಲ್ಲಿ, ಇನ್ನೊಂದು ತುದಿ ಯಾರೋ ಅಪರಿಚಿತನ ಕೈಯಲ್ಲಿ!

"ನಿಮಗ್ಯಾಕ್ರೀ ಇದು?" ಅಂದ ಅವನು. ಹಿಡಿತ ಮಾತ್ರ ಸಡಿಲಿಸಲಿಲ್ಲ.

"ದಾರ, ಗುಂಡಿ ಹಾಕಿಡೋಕೆ. ನಾನು ಬ್ಲೌಸ್ ಹೊಲೀತೀನಿ. ನಿಮಗ್ಯಾಕೆ?"

"ಗಿಟಾರ್ ಮಾಡೋಕೆ."

ಕೋಪದಲ್ಲೂ ಅವಳಿಗೆ ನಗು ಬಂತು. ಡಬ್ಬದಲ್ಲಿ ಗಿಟಾರಾ? ತಲೆ ನೆಟ್ಟಗಿದೆಯಾ ಇವನಿಗೆ?

ತಕ್ಕಡಿ ಹಿಂದೆ ಕೂತಿದ್ದ ಉಗ್ರಪ್ಪ ಜೋರಾಗಿ ನಕ್ಕ. "ಅವ್ನು ಸುಳ್ಳು ಹೇಳ್ತಿಲ್ಲ ಕಣಮ್ಮ. ಹೇರೋಹಳ್ಳಿ ಮುನಿರಾಜು ಅಂತ. ರಾಜಾಜಿನಗರದ ಫ್ಯಾಕ್ಟರೀಲಿ ಫಿಟ್ಟರು. ಭಾನುವಾರ ಬಂದ್ರೆ ಸಾಕು, ನನ್ನ ಹಿತ್ತಲ ತುಂಬಾ ಮರದ ಪುಡಿ!"

ಮುನಿರಾಜುವಿನ ಮುಖ ಕೆಂಪಾಯಿತು. ಹಿಂದೊಮ್ಮೆ ಇದೇ ರದ್ದಿಯಲ್ಲಿ ಅವನಿಗೊಂದು ವಿದೇಶಿ ಪತ್ರಿಕೆ ಸಿಕ್ಕಿತ್ತು. ಅದರಲ್ಲೊಂದು ಚಿತ್ರ... ಅಮೆರಿಕದ ಯಾವುದೋ ಬಡ ಮುದುಕ ಮನೆ ಮೆಟ್ಟಿಲ ಮೇಲೆ ಕೂತು, ಸಿಗಾರ್ ಡಬ್ಬಕ್ಕೆ ಕೋಲು ಸಿಕ್ಕಿಸಿ, ತಂತಿ ಕಟ್ಟಿ ಬಾರಿಸುತ್ತಿದ್ದ. ಅಂಗಡಿಯ ಗಿಟಾರು ಕೊಳ್ಳುವ ಯೋಗ್ಯತೆ ಇಲ್ಲದವರು ಹೀಗೂ ನುಡಿಸಬಹುದಾ! ಅವತ್ತಿಂದ ಹಿಡಿದ ಹುಚ್ಚು ಅದು.

"ಒಂದು ಮಾತು," ಅಂದ ಮುನಿರಾಜು. "ಡಬ್ಬ ನಿಮ್ಮದೇ. ನಾನು ಗಿಟಾರ್ ಮಾಡಿ ತೋರಿಸ್ತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ಎಲ್ಲಾ ಬಿಚ್ಚಿ, ತೂತಿಗೆ ತೇಪೆ ಹಾಕಿ ವಾಪಸ್ ಕೊಡ್ತೀನಿ. ಆಗ್ಬೋದಾ?"

ಯಾಕೋ ಏನೋ, ಲಕ್ಷ್ಮಿದೇವಿ ಕೈ ಬಿಟ್ಟಳು.

ಅದು ಎಂಬತ್ತಾರನೇ ಇಸವಿ. ಬಸವೇಶ್ವರನಗರದಲ್ಲಿ ಅವಳದು, ಅಮ್ಮನದು ಎರಡೇ ಜೀವದ ಮನೆ. ಅಲ್ಲೊಂದು ಗುಟ್ಟಿತ್ತು. ಚಿಕ್ಕವಳಿದ್ದಾಗ ಕಿವಿ ಸೋರಿ ಸೋರಿ ಲಕ್ಷ್ಮಿದೇವಿಯ ಎಡಗಿವಿ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು. ಬ್ಯಾಡರಹಳ್ಳಿಯಿಂದ ಬಂದಿದ್ದ ಗಂಡಿನ ಕಡೆಯವರು "ಕಿವುಡಿ ನಮಗೆ ಬೇಡ" ಅಂತ ಎದ್ದು ಹೋಗಿದ್ದರು. ಅವತ್ತಿಂದ ಅಮ್ಮ ಚಿಕ್ಕಲಕ್ಷ್ಮಮ್ಮನದು ಒಂದೇ ಮಾತು: "ಯಾರಿಗೂ ಹೇಳಬೇಡ ಕಣೇ ದೇವಿ. ಬಲಗಿವಿ ಅವರ ಕಡೆ ಮಾಡಿ ಕೂತ್ಕೋ, ನಗ್ತಾ ಇರು, ಸಾಕು."

ಮುಂದಿನ ಭಾನುವಾರ ಅವಳು ಹೋದಾಗ ಮುನಿರಾಜು ಹಿತ್ತಲಲ್ಲಿ ಹಳೇ ಮಂಚದ ಪಟ್ಟಿಯೊಂದನ್ನು ಉಜ್ಜುತ್ತಿದ್ದ. ಅದೇ ಗಿಟಾರಿನ ಕತ್ತಂತೆ. ಮೀಟೋ ತಂತಿ ಮಾತ್ರ ಬಳೇಪೇಟೆಯ ವಾದ್ಯದ ಅಂಗಡಿಯಿಂದ ತಂದಿದ್ದ.

"ಕತ್ತಿನ ಮೇಲೆ ಅಡ್ಡಡ್ಡ ಗಟ್ಟಿ ಕಂಬಿ ಚೂರು ಕೂರಿಸ್ಬೇಕು, ಬೆರಳಿಡೋ ಜಾಗ ಗೊತ್ತಾಗೋಕೆ. ಸರಿಯಾದ್ದೇ ಸಿಗ್ತಿಲ್ಲ," ಅಂದ.

ಲಕ್ಷ್ಮಿದೇವಿ ಯೋಚಿಸಿದಳು. ಮುಡಿಗೆ ಕೈ ಹಾಕಿ ಹೇರ್‌ಪಿನ್ ಒಂದನ್ನು ಎಳೆದು ಚಾಚಿದಳು. "ಇದಾಗುತ್ತಾ?"

ಅವನು ಪಿನ್ನನ್ನೂ ನೋಡಿದ, ಹೆಗಲ ಮೇಲೆ ಇಳಿದ ಕೂದಲನ್ನೂ ನೋಡಿದ. "ಆ... ಆಗುತ್ತೆ!"

"ಮಾತಾಡ್ತಾ ಕೂತ್ರೆ ಗಿಟಾರ್ ಆಗಲ್ಲ ಕಣೋ ಮಗಾ!" ಒಳಗಿಂದ ಉಗ್ರಪ್ಪ ಕೂಗಿದ.

ಹೀಗೆ ಭಾನುವಾರಗಳು ಕಳೆದವು. ಪಿನ್ ಕತ್ತರಿಸುವುದು, ಗರಗಸಕ್ಕೆ ಹಲಗೆ ಹಿಡಿದುಕೊಳ್ಳುವುದು, ಎಲ್ಲ ಅವಳೂ ಕಲಿತಳು. ಒಂದು ಸಂಜೆ ಮೂರು ತಂತಿ ಬಿಗಿದು ಅವನು ಡಬ್ಬವನ್ನು ಅವಳ ಮಡಿಲಿಗಿಟ್ಟ.

"ನೀವೇ ಮೊದಲು ಮೀಟಿ."

ಅವಳು ಮೀಟಿದಳು. ಗುಂಯ್ ಅಂದಿತು. ಚೆನ್ನಾಗಿತ್ತು. ಇನ್ನೂ ಹತ್ತಿರದಿಂದ ಕೇಳೋಣ ಅಂತ ಬಗ್ಗಿದಾಗ ಎಡ ದವಡೆ ಡಬ್ಬದ ಅಂಚಿಗೆ ತಗುಲಿತು.

ಮತ್ತೆ ಮೀಟಿದಳು... ಮೈ ಝುಂ ಅಂದಿತು!

ಮರದೊಳಗಿನ ಸದ್ದು ದವಡೆಯ ಮೂಳೆ ಹಿಡಿದು ಮೇಲೇರಿ, ಎಷ್ಟೋ ವರ್ಷದಿಂದ ಸುಮ್ಮನಿದ್ದ ಎಡಗಡೆಯೊಳಗೆ ತುಂಬಿಕೊಂಡಿತು. *ಕೇಳಿಸ್ತಿದೆ... ದೇವರೇ, ನಂಗೆ ಈ ಕಡೆಯಿಂದಾನೂ ಕೇಳಿಸ್ತಿದೆ!* ಕಣ್ಣೀರು ತಂತಿಯ ಮೇಲೆ ಬಿತ್ತು.

ಮುನಿರಾಜು ಗಾಬರಿಯಾದ. "ಯಾಕ್ರೀ? ಅಷ್ಟು ಕೆಟ್ಟದಾಗಿದೆಯಾ?"

"ಇಲ್ಲ... ಬಿಚ್ಚಬೇಡಿ. ಯಾವತ್ತೂ ಬಿಚ್ಚಬೇಡಿ."

ಕಾರಣ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇವನೂ ಎದ್ದು ಹೋದರೆ?

ಆ ಸಂಜೆ ಅವನು ರಸ್ತೆಯ ತನಕ ಜೊತೆಗೆ ಬಂದ. ಅವಳ ಎಡಗಡೆ ನಡೆಯುತ್ತಿದ್ದ. ಕಲ್ಲು ತುಂಬಿದ ಲಾರಿಯೊಂದು ಗುಡುಗುತ್ತಾ ಹಾದುಹೋಗುವಾಗಲೇ, ಕಷ್ಟಪಟ್ಟು ಒಟ್ಟುಮಾಡಿದ ಧೈರ್ಯವನ್ನೆಲ್ಲ ಸೇರಿಸಿ, ತಲೆ ತಗ್ಗಿಸಿಕೊಂಡೇ ಕೇಳಿಬಿಟ್ಟ: "ನನ್ನ ಮದುವೆ ಆಗ್ತೀರಾ?"

ಲಕ್ಷ್ಮಿದೇವಿ ಮೋಡ ನೋಡುತ್ತಿದ್ದಳು.

"ಮಳೆ ಬರೋ ಹಾಗಿದೆ. ಅಮ್ಮ ಕಾಯ್ತಿರ್ತಾರೆ, ಬರ್ತೀನಿ," ಅಂದು ಸರಸರ ಹೊರಟೇಬಿಟ್ಟಳು.

ಅವನು ನಿಂತಲ್ಲೇ ನಿಂತ. ಆಗಲ್ಲ ಅನ್ನೋಕೆ ಎಷ್ಟು ನಾಜೂಕಾದ ದಾರಿ!

ಮುಂದಿನ ಭಾನುವಾರ ಮುನಿರಾಜು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಉಗ್ರಪ್ಪ ಗಿಟಾರನ್ನು ಗೋಣಿಯಲ್ಲಿ ಸುತ್ತಿ ಅವಳ ಕೈಗಿಟ್ಟ. "ನಿಮ್ಮದೇ ಅಂತೆ, ಇಟ್ಕೋಬೇಕಂತೆ. ಅವ್ನು ಇನ್ಮೇಲೆ ಬರಲ್ವಂತೆ. ಯಾಕೆ ಅಂತ ಕೇಳ್ಬೇಡಮ್ಮ, ಬಾಯಿ ಬಿಡ್ತಿಲ್ಲ."

ಕಿವಿ ವಿಷಯ ಗೊತ್ತಾಗಿರಬೇಕು... ಯಾರೋ ಹೇಳಿರಬೇಕು. ಇವನೂ ಎಲ್ಲರ ಹಾಗೇನಾ?

ಅಷ್ಟರಲ್ಲಿ ಕೆಂಗೇರಿಯಿಂದ ಗಂಡಿನ ಕಡೆಯವರು ಬಂದರು. ಲಕ್ಷ್ಮಿದೇವಿ ಅಮ್ಮ ಹೇಳಿದ ಹಾಗೇ ಬಲಗಿವಿ ಅವರ ಕಡೆ ಮಾಡಿ ಕೂತಳು. ಎಡಗಡೆಯಿಂದ ಗಂಡಿನ ಅತ್ತಿಗೆ ಏನೋ ಕೇಳಿದರು. ಅವಳು ಸುಮ್ಮನೆ ನಕ್ಕಳು.

"ನಾಚಿಕೆ ಜಾಸ್ತಿ ನಮ್ಮ ದೇವಿಗೆ," ಚಿಕ್ಕಲಕ್ಷ್ಮಮ್ಮ ಮಧ್ಯೆ ಬಾಯಿ ಹಾಕಿದರು.

ಎಲ್ಲರೂ ನಕ್ಕರು. ಆ ನಗು ಅವಳಿಗೆ ಚುಚ್ಚಿತು. ಜೀವನಪೂರ್ತಿ ಹೀಗೆ ನಗ್ತಾನೇ ಇರಬೇಕಾ?

"ನಾಚಿಕೆ ಅಲ್ಲ," ಅಂದಳು ಲಕ್ಷ್ಮಿದೇವಿ. "ನನಗೆ ಎಡಗಿವಿ ಕೇಳಿಸಲ್ಲ. ನೀವು ಕೇಳಿದ್ದು ನನಗೆ ಗೊತ್ತೇ ಆಗ್ಲಿಲ್ಲ."

ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಅವರು ಹೋದ ಮೇಲೆ ಅಮ್ಮ ಅತ್ತರು. ಲಕ್ಷ್ಮಿದೇವಿಯೂ ಅತ್ತಳು. ಆದರೆ ಬೆಳಗ್ಗೆ ಎದ್ದಾಗ ಎದೆ ಹಗುರವಾಗಿತ್ತು. ಬಾಯಿಂದ ಹೊರಬಿದ್ದ ಮಾತಿಗೆ ಇನ್ನೇನು ಹೆದರೋದು? ಮುನಿರಾಜು ಬಿಟ್ಟು ಹೋಗಿದ್ದಾನೆ ನಿಜ... ಮುಖ ನೋಡಿ ಕಾರಣ ಹೇಳಲಿ!

ಹೇರೋಹಳ್ಳಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಡಬ್ಬ ಬಾರ್ಸೋ ಮುನಿರಾಜು ತಾನೇ?" ಅಂತ ದಾರಿಯಲ್ಲೇ ತೋರಿಸಿದರು. ಅವನು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೈಜಾರಿತು.

"ನನ್ನ ಕಿವಿ ವಿಷಯ ಯಾರು ಹೇಳಿದ್ರು ನಿಮಗೆ?"

"ಕಿವಿ? ಯಾವ ಕಿವಿ?"

"ನಾಟಕ ಬೇಡ. ಎಡಗಿವಿ ಕೇಳಿಸಲ್ಲ ಅಂತ ತಾನೇ ನೀವು ಬರೋದು ಬಿಟ್ಟಿದ್ದು?"

ಮುನಿರಾಜು ಕಣ್ಣು ಮಿಟುಕಿಸದೆ ನೋಡಿದ. "ಎಡಗಿವಿ... ಕೇಳಿಸಲ್ವಾ?" ಮೆಲ್ಲನೆ ಮಾತು ಬಂತು. "ಹಾಗಾದ್ರೆ ಅವತ್ತು ರೋಡಲ್ಲಿ ನಾನು ಕೇಳಿದ್ದು..."

"ಏನು ಕೇಳಿದ್ರಿ?"

"ನನ್ನ ಮದುವೆ ಆಗ್ತೀರಾ ಅಂತ. ನೀವು ಮಳೆ ಬರೋ ಹಾಗಿದೆ ಅಂದ್ರಿ!"

ಲಕ್ಷ್ಮಿದೇವಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಯ್ಯೋ...!

"ಹಾಗಾದ್ರೆ ಪಕ್ಕದಲ್ಲಿ ಕೂತು ನಾನು ಮಾತಾಡಿದ್ದೆಲ್ಲಾ?"

"ಅರ್ಧ ಕೇಳಿಸ್ತಿತ್ತು. ಇನ್ನರ್ಧ ನಿಮ್ಮ ಮುಖ ನೋಡಿ ಅರ್ಥ ಮಾಡ್ಕೋತಿದ್ದೆ."

ಅವನಿಗೆ ನೋವಾಗಿತ್ತು. "ನನ್ನ ಹತ್ರಾನೂ ಮುಚ್ಚಿಡಬೇಕಿತ್ತಾ?"

"ನಿಮ್ಮ ಹತ್ರಾನೇ. ಬೇರೆಯವರು ಹೋದ್ರೆ ಹೋಗ್ಲಿ ಅನ್ಸುತ್ತೆ. ನೀವು ಹೋದ್ರೆ..."

ಮುನಿರಾಜು ಕೈಗೆ ಅಂಟಿದ್ದ ಎಣ್ಣೆಯನ್ನು ಪ್ಯಾಂಟಿಗೇ ಒರೆಸಿಕೊಂಡ. "ಇನ್ನೊಂದ್ಸಲ ಕೇಳ್ಲಾ?"

"ಬೇಡ. ಈ ಸಲ ನಾನೇ ಕೇಳ್ತೀನಿ." ಲಕ್ಷ್ಮಿದೇವಿ ಅವನ ಕಣ್ಣನ್ನೇ ನೋಡಿದಳು. "ನನ್ನ ಮದುವೆ ಆಗ್ತೀರಾ?"

ಅವನು ತಲೆಯಾಡಿಸಿದ. "ಆಗ್ತೀನಿ. ನಾಳೇನೇ ಅಪ್ಪ ಅಮ್ಮನ್ನ ಕರ್ಕೊಂಡು ಬರ್ತೀನಿ. ಆದ್ರೆ ನಿಮ್ಮಮ್ಮನ ಹತ್ರ ಈ ಡಬ್ಬದ ಹುಚ್ಚು ಹೇಳೋದು ಬೇಡ. ಬರೀ ಫಿಟ್ಟರ್ ಅಂತ ಹೇಳೋಣ, ಆಯ್ತಾ?"

"ಆಗಲ್ಲ. ಎಲ್ಲಾ ಹೇಳೋಣ. ನಮ್ಮನೇಲಿ ಯಾವುದನ್ನೂ ಮುಚ್ಚಿಡೋದು ಬೇಡ."

"ಏನಂದ್ರಿ... ನಮ್ಮನೇನಾ?"

ಲಕ್ಷ್ಮಿದೇವಿಯ ಕೆನ್ನೆ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಹೂಂ. ನಮ್ಮನೆ."